ಸ್ಟೇ ಬಿದ್ದ ಹೊಲ

ಮಾದು ಗುಣಿಯೊಳಗೆ ನಿಂತು ನೀರು ಮೊಗೆದು ಮೊಗೆದು ಮೇಲಕ್ಕೆ ಎರಚುತ್ತಿದ್ದ. ಒಂದು ಬಕೆಟ್ಟು ಆಚೆ ಚೆಲ್ಲಿದರೆ ಒಂದೂವರೆ ಬಕೆಟ್ಟು ಮಗ್ಗುಲಿಂದ ಜಿನುಗಿ ಒಳಗೆ ತುಂಬುತ್ತಿತ್ತು. ನಾಲೆಗೆ ನೀರು ಬಿಟ್ಟು ಹದಿನೈದು ದಿನವಾಗಿತ್ತು. ಏರಿಯ ಕೆಳಗಿದ್ದ ಆ ಸ್ಮಶಾನದಲ್ಲಿ ಮೊಳದುದ್ದ ಅಗೆದರೆ ಸಾಕು, ಒರತೆ. ದಡದ ಮೇಲೆ ನಿಂತ ನಾಲ್ಕು ಜನ ತಲೆಗೊಂದು ಸಲಹೆ ಕೊಡುತ್ತಿದ್ದರು; ಒಳಗೆ ಇಳಿಯುವ ಮಾತು ಮಾತ್ರ ಯಾರೂ ಆಡುತ್ತಿರಲಿಲ್ಲ.

"ಇದು ಮೂರ್ನೇ ಗುಣಿ ಕಣ್ರಪ್ಪಾ," ಎಂದು ಮಾದು ಬಕೆಟ್ಟನ್ನು ದಡಕ್ಕೆ ಎಸೆದ. "ಎಲ್ ತೋಡುದ್ರೂ ಇದೇ ಪಾಡು. ಇದ್ರೊಳಕ್ಕೆ ಇಳ್ಸಿ ಮಣ್ಣೆಳುದ್ರೆ ಪುಟ್ಬಸವಣ್ಣ ನಾಳೆ ಬೆಳಿಗ್ಗೆಗೆ ತೇಲ್ಕೊಂಡು ಮೇಲಕ್ ಬತ್ತನೆ."

ಬಸ್ಸಿಳಿದು ಏರಿಯ ಮೇಲೆ ಬರುತ್ತಿದ್ದ ವ್ಯಾಸರಾಜನಿಗೆ ಈ ಮಾತು ಚೆನ್ನಾಗಿಯೇ ಕೇಳಿಸಿತು. ಕೇಳಿಸದವನಂತೆ ಮುಂದೆ ನಡೆದ. ಹಾಗೆ ನಡೆದುಬಿಡುವುದು ಅವನಿಗೆ ರೂಢಿಯಾಗಿತ್ತು.

ವ್ಯಾಸರಾಜ ನಂಜನಗೂಡಿನ ವಕೀಲ ನರೇಂದ್ರರ ಗುಮಾಸ್ತ. ಇಪ್ಪತ್ತೆಂಟು ವರ್ಷದ ಸರ್ವೀಸು. ವಕೀಲರು ಜಡ್ಜರ ಹತ್ತಿರ ಮಾತಾಡುವವರು. ಕಕ್ಷಿದಾರರ ಹತ್ತಿರ ಮಾತಾಡುವವನು ಇವನು. ಒಳಗೆ ಇಂಗ್ಲಿಷಿನಲ್ಲಿ ಏನೇ ನಡೆದರೂ ಅದು ಹಳ್ಳಿಯವರ ಕಿವಿಗೆ ಬೀಳುತ್ತಿದ್ದುದು ಇವನ ಬಾಯಿಂದ, ಆಫೀಸಿನ ಮೆಟ್ಟಿಲ ಮೇಲೆ. ಹೆಮ್ಮರಗಾಲದ ದಾರಿಯ ಈ ಊರಿನ ಪುಟ್ಟಬಸವಯ್ಯ ಹದಿನೇಳು ವರ್ಷ ಆ ಮೆಟ್ಟಿಲ ಮೇಲೆ ಕೂತು ಎದ್ದವನು. ಈವತ್ತು ಬೆಳಿಗ್ಗೆ ಅವನ ಮಗ ಶಿವಮೂರ್ತಿ ಫೋನು ಮಾಡಿ, ಅಪ್ಪ ಹೋದರು ಅಂದಾಗ ನರೇಂದ್ರರು, "ಪಾಪ, ಒಳ್ಳೇ ಮನುಷ್ಯ," ಅಂದರು. ಆಮೇಲೆ, "ರಾಯರೇ, ಪಾರ್ಟಿ ಸತ್ತ ತೊಂಬತ್ತು ದಿನದೊಳಗೆ ವಾರಸುದಾರರನ್ನ ಕೇಸಿಗೆ ತರಬೇಕು. ಎಲ್ಲರೂ ಒಟ್ಟಿಗೆ ಸಿಗೋದು ಇವತ್ತೇ. ವಕಾಲತ್ತಿಗೆ ಸಹಿ ಹಾಕಿಸಿಕೊಂಡು ಬಂದುಬಿಡಿ," ಅಂದರು. ಹಾಗಾಗಿ ವ್ಯಾಸರಾಜನ ಚೀಲದಲ್ಲಿ ಒಂದು ಹೂವಿನ ಹಾರ, ಮೂರು ವಕಾಲತ್ತು ಫಾರಂ ಮತ್ತು ಹೆಬ್ಬೆಟ್ಟಿಗೆ ಬೇಕಾಗುವ ಇಂಕ್ ಪ್ಯಾಡು ಇದ್ದವು.

ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ತಮಟೆಯವರು ಒಂದು ಸುತ್ತು ಬಾರಿಸಿ ಬೀಡಿ ಹಚ್ಚಿದ್ದರು. ಪುಟ್ಟಬಸವಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ನಾಣ್ಯ, ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಅಂಗಿ. ಆ ಅಂಗಿ ವ್ಯಾಸರಾಜನಿಗೆ ಗೊತ್ತು. ಕೋರ್ಟಿಗೆ ಬರುವ ದಿನ ಬಿಟ್ಟರೆ ಬೇರೆ ದಿನ ಅವನು ಅದನ್ನು ಹಾಕುತ್ತಿರಲಿಲ್ಲ.

"ಬುದ್ದಿ, ಬಂದ್ರಾ?" ಎಂದು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಮಹದೇವಮ್ಮ ಎದ್ದಳು. "ನೋಡಿ ನಿಮ್ ಪುಟ್ಬಸವಯ್ನ. ಇಪ್ಪತ್ನಾಕ್ಕೆ ವಾಯ್ದೆ ಅದೆ ಅಂತ ಮೊನ್ನೇನೆ ಅಂಗಿ ಒಗ್ಸಿ ಮಡ್ಸಿ ಇಟ್ಕೊಂಡಿದ್ರು. ಅದ್ನೇ ಆಕಿವ್ನಿ."

ವ್ಯಾಸರಾಜ ಹಾರ ಹಾಕಿ ಕೈಮುಗಿದ. ಮುಖ ನೋಡಲಿಲ್ಲ, ಅಂಗಿಯ ಗುಂಡಿಗಳನ್ನೇ ನೋಡಿದ.

ಕೇರಿಯ ಯಜಮಾನ ಮಂಟೇಸ್ವಾಮಿ ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟ. ಮಂಟೇಸ್ವಾಮಿ ಯಾರಿಗೂ ಬುದ್ದಿ ಅನ್ನುವವನಲ್ಲ. "ಕೂತ್ಕಳಿ ರಾಯ್ರೇ. ಹದ್ನೇಳು ವರ್ಸ ಅಂವ ನಿಮ್ ಮೆಟ್ಲು ಅತ್ತಿ ಇಳ್ದ. ಕೊನೇಗೆ ನೀವೂ ನಮ್ ಕೇರಿಗೆ ಬಂದ್ರಲ್ಲ, ಸಂತೋಸ."

"ಕೆಲಸದ ಒತ್ತಡ ಯಜಮಾನ್ರೇ."

"ಇರ್ತದೆ, ಇರ್ತದೆ." ಮಂಟೇಸ್ವಾಮಿ ಜಗಲಿಯ ಮೇಲೆ ಕೂತು ಸುತ್ತಲಿನವರಿಗೆ ಕೇಳುವಂತೆ ಹೇಳಿದ. "ಎಲ್ಡೆಕ್ರೆ ಅತ್ ಗುಂಟೆ ಒಡೆಯ ಕಣ್ರಪ್ಪಾ. ಬಾಳೆಲ್ಲ ಇನ್ನೊಬ್ರ ಗದ್ದೇಲಿ ನಾಟಿ ಆಕ್ದ, ಇಟ್ಗೆ ಗೂಡಲ್ಲಿ ಮಣ್ ತುಳ್ದ. ಸ್ಟೇ ಬಿದ್ದ ಒಲಕ್ಕೆ ಒಂದ್ ದಿನ ಕಾಲಿಕ್ಕಿದ್ನಾ? ಇಲ್ಲ. ನಾನೇ ಎಷ್ಟ್ ಸಲ ಅಂದಿವ್ನಿ, ಓಗಿ ಉಳ್ಳಾ, ಯಾವನ್ ಕೇಳ್ತಾನೆ ನೋಡವ ಅಂತ. 'ನಾವು ಕಾನೂನ ಮೀರುದ್ರೆ ನಮ್ಮನ್ ಯಾರು ಕಾಯ್ತಾರೆ ಮಂಟಣ್ಣ' ಅನ್ನೋನು. ಇಂಥ ಮನ್ಸ ಇನ್ನು ಉಟ್ಟಾಕಿಲ್ಲ."

"ಅದರೊಳಗೊಂದು ಹುಣಸೇಮರ ಇದೆ ಸರ್," ಎಂದಳು ಬಾಗಿಲಲ್ಲಿ ನಿಂತಿದ್ದ ಶಿವಮೂರ್ತಿಯ ಮಗಳು ಕವನ. ತಿ. ನರಸೀಪುರದಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ. ಅತ್ತು ಅತ್ತು ದನಿ ಕಟ್ಟಿತ್ತು. "ನಾನು ಚಿಕ್ಕವಳಿದ್ದಾಗ ಕೋತಿ ಬೇಲಿಯಿಂದಾಚೆ ಬೀಳಿಸಿದ್ದ ಒಂದು ಹಣ್ಣು ಬಾಯಿಗಿಟ್ಕೊಂಡಿದ್ದೆ. ತಾತ ಬಾಯೊಳಗೆ ಬೆರಳಿಟ್ಟು ತೆಗೆದು, ವಾಪಸ್ ಬೇಲಿಯೊಳಕ್ಕೇ ಎಸೆದ್ರು. 'ಅದು ಕೋರ್ಟಿಂದು ಕಣವ್ವ' ಅಂದ್ರು. ಅವತ್ತು ಅವ್ರೂ ಅತ್ಬಿಟ್ರು."

ಕೂತಿದ್ದವರಲ್ಲಿ ಇಬ್ಬರು ಮೂವರು ನಕ್ಕರು. ಸಾವಿನ ಮನೆಯಲ್ಲಿ ನಗುವ ಹಾಗೆ, ಮೂಗು ಒರೆಸಿಕೊಳ್ಳುತ್ತ ನಕ್ಕರು. ವ್ಯಾಸರಾಜನೂ ನಗಲು ನೋಡಿದ. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತೇ ಹೊರತು ನಗು ಬರಲಿಲ್ಲ.

*

ಹೊಲ ಇದ್ದುದು ದಿಣ್ಣೆಯ ಮೇಲೆ. ಪುಟ್ಟಬಸವಯ್ಯನ ಅಪ್ಪನಿಗೆ ಸರ್ಕಾರ ದರಖಾಸ್ತು ಮಾಡಿಕೊಟ್ಟ ಹೊಲ. ಅಪ್ಪ ಸತ್ತ ಮೇಲೆ, ೧೯೯೦ರಲ್ಲಿ, ಮಗ್ಗುಲ ಹೊಲದ ಸಿದ್ದಮಲ್ಲಪ್ಪ ಒಂದು ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋದ. ನಿಮ್ಮಪ್ಪ ಇದನ್ನು ನನಗೆ ಬರೆದುಕೊಟ್ಟಿದ್ದಾನೆ, ಹೆಬ್ಬೆಟ್ಟು ಒತ್ತಿದ್ದಾನೆ ಅಂತ. ದಾವೆ ನಂಬರಾದ ವಾರಕ್ಕೆ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಎರಡು ಕಡೆಯವರೂ ಹೊಲಕ್ಕೆ ಇಳಿಯಕೂಡದು, ಉಳಕೂಡದು, ಫಸಲು ಮುಟ್ಟಕೂಡದು.

ಮೆಟ್ಟಿಲ ಮೇಲೆ ಅದನ್ನು ಬಿಡಿಸಿ ಹೇಳಿದವನು ವ್ಯಾಸರಾಜ.

"ಉಳ್ಳಿ ಬಿತ್ತಿವ್ನಿ ಸಾ. ಉವ್ವಿಗೆ ಬಂದದೆ," ಎಂದ ಪುಟ್ಟಬಸವಯ್ಯ.

"ಬಿಟ್ಟುಬಿಡಪ್ಪ. ಮುಟ್ಟಿದರೆ ಜೈಲು."

"ಎಷ್ಟ್ ದಿನ ಸಾ?"

"ಮುಂದಿನ ಆರ್ಡರ್ ಆಗೋವರೆಗೆ. ಆದಾಗ ನಾನೇ ತಿಳಿಸ್ತೀನಿ, ಹೋಗು."

ಪುಟ್ಟಬಸವಯ್ಯ ಊರಿಗೆ ಹೋದವನೇ ಜಾಲಿಮುಳ್ಳು ಕಡಿದು ತಂದು ಹೊಲದ ಸುತ್ತ ಬೇಲಿ ಕಟ್ಟಿದ. ತನ್ನ ದನವೇ ನುಗ್ಗಿ ತನ್ನ ಹುರುಳಿ ತಿಂದರೆ ಆಮೇಲೆ ಯಾರು ಜವಾಬು ಕೊಡುವುದು ಅಂತ. ಹುರುಳಿ ನಿಂತಲ್ಲೇ ಒಣಗಿತು.

ನಾಲ್ಕು ವರ್ಷದ ಮೇಲೆ, ತೊಂಬತ್ತನಾಲ್ಕರ ಶ್ರಾವಣದಲ್ಲಿ, ಜಡ್ಜರು ಆ ತಡೆಯಾಜ್ಞೆ ತೆಗೆದುಹಾಕಿದರು. ಹೊಲ ಪುಟ್ಟಬಸವಯ್ಯನ ಸ್ವಾಧೀನದಲ್ಲೇ ಇರುವುದು ಕಾಣುತ್ತದೆ, ದಾವೆ ಮುಗಿಯುವ ತನಕ ಅವನು ಉತ್ತು ಬಿತ್ತಿಕೊಳ್ಳಬಹುದು ಎಂದು ಬರೆಸಿದರು. ಒಂದು ವಾಯಿದೆಯನ್ನೂ ತಪ್ಪಿಸದಿದ್ದ ಪುಟ್ಟಬಸವಯ್ಯ ಆವತ್ತೊಂದು ದಿನ ಬಂದಿರಲಿಲ್ಲ. ಮಗಳು ಇಂದ್ರಾಣಿಯ ಧಾರೆ ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ. ಕೋರ್ಟಿನಿಂದ ಹೊರಗೆ ಬಂದ ನರೇಂದ್ರರು, "ರಾಯರೇ, ಅವನಿಗೊಂದು ಕಾರ್ಡು ಹಾಕಿಬಿಡಿ, ಮಗಳ ಮದುವೆ ಉಡುಗೊರೆ ಅನ್ನಿ," ಎಂದು ನಗುತ್ತ ಕಾರು ಹತ್ತಿದರು.

ವ್ಯಾಸರಾಜ ಕಾರ್ಡು ಬರೆದ. ಬರೆಯಲಿಲ್ಲ ಎಂದು ಅವನ ಮೇಲೆ ಯಾರೂ ಹೇಳುವ ಹಾಗಿಲ್ಲ. ಮರುದಿನದಿಂದ ಮಠದಲ್ಲಿ ರಾಯರ ಆರಾಧನೆ, ಮೂರು ದಿನ ಅವನಿಗೆ ಬಡಿಸುವ ಸೇವೆ. ಕಾರ್ಡು ಅಂಗಿಯ ಜೇಬಿನಲ್ಲಿತ್ತು. ಹೆಂಡತಿ ಚಂಪಕ ಅಂಗಿಯನ್ನು ನೆನೆಹಾಕಿದಳು. ಬಕೆಟ್ಟಿನಲ್ಲಿ ತೇಲುತ್ತಿದ್ದ ಮುದ್ದೆಯನ್ನು ಅವಳು ತೋರಿಸಿದಾಗ, ಇನ್ನೊಂದು ಬರೆದರಾಯಿತು ಬಿಡು ಅಂದ. ಬರೆಯಲಿಲ್ಲ. ಮುಂದಿನ ವಾಯಿದೆಗೆ ಪುಟ್ಟಬಸವಯ್ಯ ಬಂದು ಮದುವೆಯ ಸುದ್ದಿಯನ್ನೆಲ್ಲ ಹೇಳಿ, ಎರಡು ಲಾಡು ಕೊಟ್ಟು ಹೋದ. ಆವತ್ತು ವ್ಯಾಸರಾಜನಿಗೆ ಅದು ನೆನಪೂ ಆಗಲಿಲ್ಲ.

ನೆನಪಾದದ್ದು ತೊಂಬತ್ತಾರರಲ್ಲಿ. "ಒಲದ ತುಂಬ ಜಾಲಿ ಬೆಳ್ಕಂಡದೆ ಸಾ. ಬುಡ ದಪ್ಪ ಆಯ್ತಾವೆ. ಅದ್ನಾದ್ರೂ ಕಡೀಬೋದಾ, ಎಂಗೆ?" ಎಂದು ಪುಟ್ಟಬಸವಯ್ಯ ಮೆಟ್ಟಿಲ ಮೇಲೆ ಕೇಳಿದಾಗ ವ್ಯಾಸರಾಜನಿಗೆ ಬಕೆಟ್ಟಿನಲ್ಲಿ ತೇಲುತ್ತಿದ್ದ ಕಾರ್ಡಿನ ಮುದ್ದೆ ಕಣ್ಣ ಮುಂದೆ ಬಂತು. ಎರಡು ವರ್ಷದ ಫಸಲು. ಈಗ ಹೇಳಿದರೆ ಈ ಮನುಷ್ಯ ಒಳಗೆ ಹೋಗಿ ವಕೀಲರನ್ನು ಕೇಳುತ್ತಾನೆ. ವಕೀಲರು ತನ್ನನ್ನು ಕೇಳುತ್ತಾರೆ. ಈ ವಯಸ್ಸಿನಲ್ಲಿ ಬೇರೆ ಯಾರ ಆಫೀಸಿಗೆ ಹೋಗುವುದು? ಇನ್ನೇನು ಸಾಕ್ಷಿ ವಿಚಾರಣೆ ಶುರುವಾಗುತ್ತದೆ, ಒಂದು ವರ್ಷದಲ್ಲಿ ತೀರ್ಪೇ ಬರುತ್ತದೆ.

"ಬೇಡಪ್ಪ. ಈಗ ಕಡಿದರೆ ಎದುರು ಪಾರ್ಟಿ ತಕರಾರು ತೆಗೀತಾರೆ. ಸ್ವಲ್ಪ ತಾಳು," ಅಂದ.

ಮರೆತದ್ದನ್ನು ಯಾರಾದರೂ ಕ್ಷಮಿಸಿಯಾರು. ಈ ಮಾತನ್ನು ವ್ಯಾಸರಾಜ ತನಗೆ ತಾನೇ ಕ್ಷಮಿಸಿಕೊಳ್ಳಲು ಆಗಿರಲಿಲ್ಲ. ಒಂದು ವರ್ಷದಲ್ಲಿ ಬರುತ್ತದೆಂದ ತೀರ್ಪು ಬರಲಿಲ್ಲ. ಜಡ್ಜರು ಬದಲಾದರು, ಸರ್ವೆ ಕಮಿಷನರ್ ಬಂದು ಹೋದ, ಬೆರಳಚ್ಚಿನ ವರದಿಗೆ ಕಾಗದ ಹೋಗಿ ಮೂರು ವರ್ಷ ಅಲ್ಲೇ ಕೂತಿತು. ಪುಟ್ಟಬಸವಯ್ಯ ವರ್ಷಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದ, ವ್ಯಾಸರಾಜ ವರ್ಷಕ್ಕೊಮ್ಮೆ ಅದೇ ಉತ್ತರ ಕೊಡುತ್ತಿದ್ದ. ಕಡೆಕಡೆಗೆ ಅವನು ಕೇಳುವುದನ್ನೂ ಬಿಟ್ಟ.

*

ಮಾದು ಒದ್ದೆ ಮೈಯಲ್ಲಿ ಓಡಿಬಂದ. "ಯಜಮಾನ್ರೇ, ಆಗಾಕಿಲ್ಲ. ಸ್ಮಸಾನದಲ್ಲಿ ಎಲ್ಲೂ ಆಗಾಕಿಲ್ಲ."

ಅಳು ನಿಂತಿತು. ತಿ. ನರಸೀಪುರದ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ ಶಿವಮೂರ್ತಿ ಮಾತು ಕಡಿಮೆಯ ಮನುಷ್ಯ. ಅವನು ಅಪ್ಪನ ಪಕ್ಕದಿಂದ ಎದ್ದು, "ನಮ್ಮೊಲಕ್ಕೆ ತಕಂಡೋಗವ," ಅಂದ.

"ಸ್ಟೇ ಅದೆ ಕಣೋ."

"ಇರ್ಲಿ. ದಿಣ್ಣೆ ಮ್ಯಾಲೆ ನೀರ್ ಬರಾಕಿಲ್ಲ."

"ನಿಮ್ಮಪ್ಪನ್ನೇ ತಗಂಡೋಗಿ ನಿಮ್ಮಪ್ಪ ಮಾಡ್ದೇ ಇದ್ದ ತಪ್ಪ ಮಾಡ್ಸೀಯಾ?" ಮಂಟೇಸ್ವಾಮಿಯ ದನಿ ಏರಿತು. "ನಾಳೆ ಸಿದ್ಮಲ್ಲಪ್ಪ ಪೋಲೀಸ್ ಕರ್ಕೊಂಡ್ ಬಂದು ಎಣ ಮೇಲಕ್ ತೆಗ್ಸುದ್ರೆ?"

ಮಹದೇವಮ್ಮ ಗಂಡನ ಅಂಗಿಯ ತೋಳು ಹಿಡಿದುಕೊಂಡೇ ಹೇಳಿದಳು. "ಬ್ಯಾಡ ಮಗಾ. ಓದ್ ತಿಂಗ್ಳೂ ಅಂದಿದ್ರು. ಕೇಸು ಮುಗುದ್ರೆ ನನ್ನ ಅಲ್ಲಿಗೆ ತಗಂಡೋಗಿ, ಇಲ್ದೇ ಓದ್ರೆ ಎಲ್ಲಾದ್ರೂ ಆಕಿ, ಒಲಕ್ ಮಾತ್ರ ಬ್ಯಾಡ ಅಂತ." ಇಷ್ಟು ಹೇಳಿ ಅವಳು ವ್ಯಾಸರಾಜನ ಕಡೆ ತಿರುಗಿದಳು. "ಅಲ್ವಾ ಬುದ್ದಿ? ಸ್ಟೇ ಇನ್ನೂ ಅದೆ ಅಲ್ವಾ?"

ಎಲ್ಲರೂ ವ್ಯಾಸರಾಜನನ್ನು ನೋಡಿದರು.

ಅವನು ಬಾಯಿ ತೆರೆದ. ಸ್ಟೇ ತೆಗೆದು ಹದಿಮೂರು ವರ್ಷವಾಯಿತಮ್ಮ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಪುಟ್ಟಬಸವಯ್ಯ ತನ್ನ ಮಣ್ಣಿಗೆ ಸೇರುತ್ತಾನೆ. ಹೇಳಿದರೆ ಅವನ ಹೆಂಡತಿ ಹದಿಮೂರು ವರ್ಷದ ಕೂಲಿಯನ್ನು, ಬಾಯಿಂದ ಬೆರಳಿಟ್ಟು ತೆಗೆದ ಹುಣಸೆಹಣ್ಣನ್ನು ಈಗಲೇ, ಈ ಹೆಣದ ಮುಂದೆಯೇ, ತನ್ನ ಕೊರಳಿಗೆ ಕಟ್ಟುತ್ತಾಳೆ. ಹೋದ ವಾರವಷ್ಟೇ ಸ್ಟೇ ಹೋಯಿತು ಎಂದರೆ? ಆ ಹುಡುಗಿ ಕವನ ಓದಿದವಳು, ಆರ್ಡರಿನ ನಕಲು ಕೇಳುತ್ತಾಳೆ. ನಕಲಿನ ಮೇಲೆ ತಾರೀಕು ಇರುತ್ತದೆ. ಹೆದರಿಕೆಯಲ್ಲಿ ಅವನ ತಲೆ ಯಾವತ್ತಿಗಿಂತ ಚುರುಕಾಗಿ ಓಡಿತು.

"ಶಿವಮೂರ್ತಿ, ನಿನ್ನ ಮೊಬೈಲು ಕೊಡು. ಸಾಹೇಬರನ್ನ ಒಂದು ಮಾತು ಕೇಳ್ತೀನಿ."

ಫೋನು ಹಿಡಿದು ಹಿತ್ತಲ ಮೂಲೆಗೆ ಹೋದ. ನಾಲ್ಕಾರು ಜನ ಹಿಂದೆಯೇ ಬಂದರು. ವ್ಯಾಸರಾಜ ತನ್ನ ಮನೆಯ ನಂಬರು ಒತ್ತಿದ.

"ಯಾರು?" ಎಂದಳು ಚಂಪಕ.

"ಸರ್, ನಮಸ್ಕಾರ. ನಾನು ವ್ಯಾಸರಾಜ. ಇಲ್ಲಿ ಸ್ಮಶಾನದಲ್ಲಿ ನೀರು ಬಂದುಬಿಟ್ಟಿದೆ ಸರ್."

"ಏನ್ರೀ? ಯಾವ ಸ್ಮಶಾನ? ಯಾರನ್ನ ಸರ್ ಅಂತೀರಿ?"

"ಹೌದು ಸರ್. ಬೇರೆ ದಾರಿ ಇಲ್ಲ ಸರ್. ಗುಣಿ ತೆಗೆಯೋದಕ್ಕೆ ಮಾತ್ರ. ಉಳೋದು ಬಿತ್ತೋದು ಏನೂ ಇಲ್ಲ."

"ನಿಮಗೆ ಬಿಸಿಲು ನೆತ್ತಿಗೇರಿದೆ. ಊಟಕ್ಕೆ ಬರ್ತೀರೋ ಇಲ್ವೋ, ಅಷ್ಟು ಹೇಳಿ. ಅಲ್ಲಿಂದ ಬಂದವರು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು, ತಿಳೀತಾ?"

"ತಿಳೀತು ಸರ್. ಬಹಳ ಉಪಕಾರವಾಯ್ತು ಸರ್." ಫೋನು ಇಟ್ಟು, ಬೆವರು ಒರೆಸಿಕೊಂಡು ತಿರುಗಿದ. "ಒಪ್ಪಿದರು. ಸಾಹೇಬರೇ ಜಡ್ಜರ ಹತ್ತಿರ ಮಾತಾಡಿ ನೋಡಿಕೊಳ್ತಾರಂತೆ. ಗುಣಿಗೆ ಮಾತ್ರ ಪರ್ಮಿಶನ್ನು."

"ಪೇಪರಲ್ಲಿ ಏನಾದ್ರೂ ಕೊಡ್ತಾರಾ ಸರ್?" ಎಂದು ಕವನ ಕೇಳಿದಳು.

"ಬಾಯಿಮಾತಿನ ಅಪ್ಪಣೆ ಮಗು. ಇಂಥದ್ದಕ್ಕೆಲ್ಲ ಪೇಪರು ಕೊಡಲ್ಲ."

ಮಹದೇವಮ್ಮ ಓಡಿಬಂದು ಅವನ ಕಾಲಿಗೆ ಬಿದ್ದಳು. ಮಂಟೇಸ್ವಾಮಿ ಎರಡೂ ಕೈ ಜೋಡಿಸಿದ. ಬದುಕಿನಲ್ಲಿ ಯಾರಿಗೂ ಬಗ್ಗದ ಆ ಮನುಷ್ಯನ ಕಣ್ಣು ತುಂಬಿತ್ತು. "ತಪ್ಪು ತಿಳ್ಕಬ್ಯಾಡಿ ರಾಯ್ರೇ, ಆಗ ಏನೋ ಅಂದ್ಬುಟ್ಟೆ. ನೀವು ದೊಡ್ಡೋರು," ಅಂದ. ವಕಾಲತ್ತಿಗೆ ಸಹಿ ಕೇಳಬೇಕಾದ ಪ್ರಮೇಯವೂ ಬರಲಿಲ್ಲ. ಚೀಲದಿಂದ ಫಾರಂ ತೆಗೆಯುವುದಕ್ಕೆ ಮೊದಲೇ ಶಿವಮೂರ್ತಿ ಪೆನ್ನು ಹಿಡಿದು ನಿಂತಿದ್ದ. ಇಂದ್ರಾಣಿ ಅಳುತ್ತಲೇ ಹೆಸರು ಬರೆದಳು. ಮಹದೇವಮ್ಮ ಒತ್ತಿದ ಹೆಬ್ಬೆಟ್ಟಿನ ಗುರುತು ಒದ್ದೆ ಕೈಗೆ ಸ್ವಲ್ಪ ಕಲಸಿಕೊಂಡಿತು.

*

ಮೂರು ಮಚ್ಚು, ಎರಡು ಕೊಡಲಿ ಹಿಡಿದು ಹೋದ ಹುಡುಗರು ಬೇಲಿಯಿಂದ ಹುಣಸೇಮರದ ತನಕ ಒಂದು ಗಂಟೆಯಲ್ಲಿ ದಾರಿ ಬಿಡಿಸಿದರು. ಹದಿನೇಳು ವರ್ಷದ ಜಾಲಿ, ಕೆಲವು ತೊಡೆ ಗಾತ್ರ. ಅದರ ಬುಡದಲ್ಲಿ ಯಾರೂ ಮುಟ್ಟದ ಮಣ್ಣು ಎಲೆ ಉದುರಿ ಕೊಳೆತು ಕಪ್ಪಗೆ ಹುಡಿಯಾಗಿತ್ತು. ಮಾದು ಒಂದು ಗುದ್ದಲಿ ಹಾಕಿ ಹಿಡಿ ಮಣ್ಣೆತ್ತಿ ಮೂಸಿ ನೋಡಿದ.

"ಅಯ್ಯಯ್ಯೋ, ಏನ್ ಮಣ್ಣು ಕಣ್ರಪ್ಪಾ! ರಾಗಿ ಬಿತ್ತಿದ್ರೆ ಮನೆ ತುಂಬೋದು."

"ಬಾಯ್ ಮುಚ್ಕೊಂಡು ತೋಡ್ಲಾ," ಎಂದ ಮಂಟೇಸ್ವಾಮಿ.

ಗುಣಿ ಆರಡಿ ಇಳಿದರೂ ಒಂದು ತೊಟ್ಟು ನೀರು ಬರಲಿಲ್ಲ. ತಮಟೆಯ ಸದ್ದು ದಿಣ್ಣೆ ಏರುತ್ತಿರುವಾಗ ಮಗ್ಗುಲ ಬದುವಿನ ಮೇಲೆ ಬಿಳಿ ಪಂಚೆಯ ಮುದುಕನೊಬ್ಬ ಬಂದು ನಿಂತ. ಸಿದ್ದಮಲ್ಲಪ್ಪ. ಎಪ್ಪತ್ತೈದು ದಾಟಿತ್ತು, ಕೈಯಲ್ಲಿ ಕೋಲು. ಹುಡುಗರು ಮಚ್ಚು ಬಿಗಿ ಹಿಡಿದರು.

"ಪರ್ಮಿಶನ್ ತಕಂಡೇ ಬಂದಿವಿ ಮಲ್ಲಪ್ನೋರೇ," ಎಂದು ಮಂಟೇಸ್ವಾಮಿ ದೊಡ್ಡದಾಗಿ ಹೇಳಿದ. "ರಾಯ್ರೇ ಫೋನ್ ಮಾಡಿ ಕೇಳವ್ರೆ."

"ಪರ್ಮಿಶನ್ನಾ?" ಸಿದ್ದಮಲ್ಲಪ್ಪನ ಕಣ್ಣು ಗುಂಪಿನಲ್ಲಿ ಹುಡುಕಿ ವ್ಯಾಸರಾಜನ ಮೇಲೆ ನಿಂತಿತು. ಆಮೇಲೆ ಅವನು ಹೆಗಲ ಟವೆಲು ತೆಗೆದು, "ನಡ್ಸಿ. ನಾನ್ಯಾಕೆ ಬ್ಯಾಡ ಅನ್ಲಿ," ಅಂದ.

ಶಿವಮೂರ್ತಿ ಇಳಿದು ಅಪ್ಪನ ತಲೆಯನ್ನು ಸರಿಯಾಗಿ ಮಲಗಿಸಿದ. ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದರು. ಸಿದ್ದಮಲ್ಲಪ್ಪನೂ ಬಂದು ಹಾಕಿದ. ವಾಪಸು ಹೋಗುವಾಗ ವ್ಯಾಸರಾಜನ ಪಕ್ಕದಲ್ಲಿ ನಿಂತು, ಗುಣಿಯ ಕಡೆಗೇ ಮುಖ ಮಾಡಿಕೊಂಡು,

"ತೊಂಬತ್ನಾಕ್ರಲ್ಲಿ ಅಲ್ವಾ ರಾಯ್ರೇ, ಸ್ಟೇ ಓಗಿದ್ದು?" ಅಂದ.

ವ್ಯಾಸರಾಜ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ನನ್ ವಕೀಲ್ರು ಆವತ್ತೇ ಯೇಳುದ್ರು. ಅನ್ನ ಸೇರ್ಲಿಲ್ಲ ನಂಗೆ. ನಾಳೆ ಬೆಳಿಗ್ಗೆ ಆರು ಕಟ್ಕೊಂಡ್ ಬತ್ತಾನೆ, ಇಲ್ಲೇ ನಿಂತ್ಕೊಂಡು ನೋಡ್ಬೇಕಲ್ಲ ಅಂತ ಒಂದ್ ವಾರ ಕಾದೆ. ಬರ್ಲಿಲ್ಲ. ಆಮ್ಯಾಕೆ ಗೊತ್ತಾಯ್ತು, ಅವ್ನಿಗೆ ಯಾರೂ ಯೇಳೇ ಇಲ್ಲ ಅಂತ. ಬೀಳು ಬಿದ್ದದೆ ಅಂತ ನಾನು ಪಾಣೀಲಿ ಬರ್ಸ್ಕೊಂಡೆ."

"ನೀವು... ನೀವಾದ್ರೂ ಒಂದು ಮಾತು..."

"ನಾನು ಅವನ್ ಮ್ಯಾಲೆ ಕೇಸಾಕ್ದೋನು ಕಣ್ರೀ. ನಾನ್ಯಾಕ್ ಯೇಳ್ಲಿ?" ಮುದುಕ ಮೊದಲ ಸಲ ಅವನ ಮುಖವನ್ನು ನೇರ ನೋಡಿದ. "ನೀವು ಅವನ್ ಕಡೆಯೋರು."

ಕೋಲೂರಿಕೊಂಡು ಅವನು ಬದು ಹತ್ತಿ ಹೋದ. ಬಿಸಿಲಿನಲ್ಲಿ ನಿಂತ ವ್ಯಾಸರಾಜನಿಗೆ ನಾಚಿಕೆಯಿಂದ ಮೈ ಸುಟ್ಟಂತಾಯಿತು. ಈಗ ಹೇಳಿಬಿಡುತ್ತೇನೆ, ಇವರೆಲ್ಲ ಸೇರಿ ಹೊಡೆದರೂ ಹೊಡೆಯಲಿ ಅಂದುಕೊಂಡ. ಗುಣಿ ಮುಚ್ಚಿ, ಮೇಲೆ ಮಣ್ಣೇರಿಸಿ, ನೀರು ಚಿಮುಕಿಸಿ ಆಯಿತು. ಜನ ಇಳಿದು ಹೋಗತೊಡಗಿದರು. ಮಹದೇವಮ್ಮ ಮಾತ್ರ ಉಳಿದು ಅವನ ಹತ್ತಿರ ಬಂದಳು. ಒಡೆದ ಬಳೆಗಳಿಂದ ಮುಂಗೈ ತರಚಿತ್ತು.

"ಬುದ್ದಿ, ಒಂದ್ ಮಾತು ಕೇಳ್ಲಾ?"

"ಕೇಳಮ್ಮ."

"ಇವತ್ತು ನೀವು ಕೇಳುದ್ರಿ, ಅವ್ರು ಕೊಟ್ರು. ಅವ್ರು ಬದ್ಕಿದ್ದಾಗ್ಲೇ ಇಂಗೆ ಒಂದ್ಸಲ ಕೇಳಿದ್ರೆ, ಉಳಾಕೂ ಕೊಡೋರಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಮತ್ತೆ ಬರುವಂತಿರಲಿಲ್ಲ. ಅವಳ ಹಿಂದೆ ಹಸಿ ಮಣ್ಣು ಇತ್ತು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಒಂದು ಭಯ ಮಾತ್ರ ಇತ್ತು. ವ್ಯಾಸರಾಜ ಆ ಭಯವನ್ನೇ ನೆಪ ಮಾಡಿಕೊಂಡ.

"ಇಲ್ಲಮ್ಮ. ಕೊಡ್ತಿರಲಿಲ್ಲ."

ಮಹದೇವಮ್ಮ ಉಸಿರು ಬಿಟ್ಟಳು. "ಅಂಗಾದ್ರೆ ಸರಿ. ಕೇಳ್ದೇ ಓಗಿ ನಾವೇ ತಪ್ ಮಾಡ್ಬುಟ್ವೇನೋ ಅಂತ ಆಗ್ಲಿಂದ ಒಟ್ಟೇಲಿ ಸಂಕ್ಟ ಆಯ್ತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಕೆಳಗೆ ಹೋಗುತ್ತಿದ್ದವರನ್ನು ಕೂಗಿದಳು. "ಮಾದು, ಬಾರ್ಲಾ ಇಲ್ಲಿ. ಕಡ್ದಿರೋ ಮುಳ್ನೆಲ್ಲ ಎಳ್ಕಂಡ್ ಬಂದು ದಾರಿಗೆ ಅಡ್ಡ ಆಕಿ. ಗುಣಿಗೆ ಅಂತ ಕೊಟ್ಟಿದ್ರು, ಗುಣಿ ಆಯ್ತು."

"ನಾಳಿದ್ದು ಆಲು ತುಪ್ಪ ಬುಡಾಕೆ ಬರ್ಬೇಕಲ್ಲವ್ವ," ಎಂದ ಶಿವಮೂರ್ತಿ.

"ಅದ್ಕೂ ಬುದ್ದಿಯೋರೇ ಒಂದ್ ಮಾತು ಕೇಳಿ ಯೇಳ್ತಾರೆ. ಅಲ್ಲೀಗಂಟ ಯಾರೂ ಒಳಕ್ ಕಾಲಿಕ್ಬ್ಯಾಡಿ." ಅವಳು ವ್ಯಾಸರಾಜನ ಕಡೆ ತಿರುಗಿ ಕೈಮುಗಿದಳು. "ನಾಳೆ ಸಂಜೆಯೊಳ್ಗೆ ತಿಳುಸ್ಬುಡಿ ಬುದ್ದಿ. ಇಲ್ದೇ ಓದ್ರೆ ಬೇಲಿ ಆಚೆ ನಿಂತ್ಕೊಂಡೇ ಬುಟ್ಟೋಯ್ತೀವಿ."

ಹುಡುಗರು ಮುಳ್ಳು ಎಳೆದು ತಂದು ಒಟ್ಟತೊಡಗಿದರು. ಕಡೆಯ ಕೊಂಬೆ ದೊಡ್ಡದು, ಹುಣಸೇಮರದ ಬುಡದಲ್ಲಿ ಬಿದ್ದಿತ್ತು. ಮಹದೇವಮ್ಮ ಬರಿಗೈಯಲ್ಲೇ ಅದರ ಒಂದು ತುದಿ ಹಿಡಿದು ಎಳೆದಳು, ಅದು ಅಲುಗಲಿಲ್ಲ. ವ್ಯಾಸರಾಜ ವಕಾಲತ್ತಿನ ಚೀಲವನ್ನು ನೆಲಕ್ಕಿಟ್ಟು ಇನ್ನೊಂದು ತುದಿ ಹಿಡಿದ. ಇಬ್ಬರೂ ಹಿಂದಕ್ಕೆ ಹೆಜ್ಜೆ ಹಾಕುತ್ತ ಅದನ್ನು ಹೊರಕ್ಕೆ ತಂದು ದಾರಿಗೆ ಅಡ್ಡ ಇಟ್ಟರು.

"ವಸಿ ಈ ಕಡೀಕೆ ಬುದ್ದಿ," ಅಂದಳು ಮಹದೇವಮ್ಮ. "ಅಲ್ಲಿ ಸಂದಿ ಉಳ್ಕಂಡದೆ."

ವ್ಯಾಸರಾಜ ಕೊಂಬೆಯನ್ನು ಈ ಕಡೆಗೆ ಒತ್ತಿ ಸಂದಿ ಮುಚ್ಚಿದ.